ಏಣಿಯ ಮೇಲಿನ ಸವಾರಿ

ನನಗೆ ಎತ್ತರ ಎಂದರೆ ಆಗದು. ಸ್ಟೂಲ್ ಹತ್ತಿ ಬಲ್ಬು ಬದಲಿಸುವ ಮಾತಿರಲಿ, ಬೇರೆ ಯಾರೋ ಹತ್ತಿದ್ದನ್ನು ನೋಡಿದರೂ ನನ್ನ ಅಂಗಾಲು ಜುಮ್ಮೆನ್ನುತ್ತದೆ. ಇಂಥವಳಿಗೆ ಸಿಕ್ಕ ಅಳಿಯ ರಂಗಮಂದಿರದಲ್ಲಿ ದೀಪ ಕಟ್ಟುವವನು. ಮಗಳು ಇವನನ್ನೇ ಮದುವೆಯಾಗುತ್ತೇನೆ ಎಂದಾಗ, ನೆಲದ ಮೇಲೆ ನಿಂತು ಕೆಲಸ ಮಾಡುವವರು ಯಾರೂ ಸಿಗಲಿಲ್ಲವೇನೇ ಎಂದು ಕೇಳಿದ್ದೆ. ಅವಳು ನಕ್ಕಳು, ಅವನೂ ನಕ್ಕ. ನಗುವಂಥದ್ದನ್ನು ನಾನೇನೂ ಹೇಳಿರಲಿಲ್ಲ.

ನಾನೂ ಅದೇ ರಂಗಮಂದಿರದಲ್ಲಿ ಉಡುಪು ಹೊಲಿಯುವವಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ನನ್ನ ಮೆಷಿನ್ ಇದೆ. ಈ ನಾಟಕದ ರಾಜನ ನಿಲುವಂಗಿ ಬಿಚ್ಚಿ ಮುಂದಿನ ನಾಟಕದ ಕಳ್ಳನಿಗೆ ಕೋಟು ಮಾಡುವುದು ನನ್ನ ಕಸುಬು. ಅಳಿಯನನ್ನು ಅಲ್ಲಿ ಎಲ್ಲರೂ ಹಲ್ಲಿ ಎನ್ನುತ್ತಾರೆ. ಸದಾ ಚಾವಣಿಗೆ ಅಂಟಿಕೊಂಡಿರುತ್ತಾನೆ, ಲೊಚಗುಟ್ಟುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ಅವನ ಕೆಲಸ ಹೇಗೆಂದು ಹೇಳದಿದ್ದರೆ ನನ್ನ ಹೆದರಿಕೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ವೇದಿಕೆಯ ಮೇಲೆ, ನೋಡಿದರೆ ಕತ್ತು ನೋಯುವಷ್ಟು ಎತ್ತರದಲ್ಲಿ ಅಡ್ಡಡ್ಡ ಕಬ್ಬಿಣದ ಪೈಪುಗಳಿವೆ. ದೀಪಗಳು ಅವಕ್ಕೇ ತೂಗುತ್ತವೆ. ಪ್ರತಿ ನಾಟಕಕ್ಕೂ ಅವನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ಬಿಗಿಯಬೇಕು. ಬೆಳಕು ಸರಿಯಾಗಿ ಎಲ್ಲಿ ಬೀಳುತ್ತದೆಂದು ಗೊತ್ತಾಗಬೇಕಾದರೆ ಉಳಿದದ್ದೆಲ್ಲ ಕತ್ತಲಾಗಿರಬೇಕು. ಅದಕ್ಕೇ ಹಾಡುಹಗಲಲ್ಲಿ ಬಾಗಿಲೆಲ್ಲ ಮುಚ್ಚಿ, ಸಭಾಂಗಣದ ದೀಪ ಆರಿಸಿ, ಕಣ್ಣಿಗೆ ಕೈ ಕಾಣದ ಕತ್ತಲಲ್ಲಿ ಏಣಿಯ ಕೆಲಸ ಮಾಡುತ್ತಾರೆ. ಜನ ದುಡ್ಡು ಕೊಟ್ಟು ಬಂದು ಚಪ್ಪಾಳೆ ತಟ್ಟುವ ಬೆಳಕು ಹೀಗೆ ತಯಾರಾಗುತ್ತದೆ.

ಏಣಿ ಎಂದರೆ ಗೋಡೆಗೆ ಒರಗಿಸುವ ಏಣಿಯಲ್ಲ. ಎರಡು ಕಡೆಯೂ ಮೆಟ್ಟಿಲಿದ್ದು, ಕಾಲು ಅಗಲಿಸಿ ತಾನೇ ನಿಲ್ಲುವ ದೊಡ್ಡ ಮರದ ಏಣಿ. ಕೆಳಗೆ ಚಕ್ರಗಳಿವೆ. ಚಕ್ರಕ್ಕೆ ಒಂದು ಕಾಲದಲ್ಲಿ ಬ್ರೇಕ್ ಇತ್ತಂತೆ, ನಾನು ಕಂಡಿಲ್ಲ. ಹಿಂದೆ ನಿಂತ ನಟರೂ ಜನರಿಗೆ ಕಾಣಲಿ ಎಂದು ನಮ್ಮ ವೇದಿಕೆಯನ್ನು ಮುಂದಕ್ಕೆ ಇಳಿಜಾರಾಗಿ ಕಟ್ಟಿದ್ದಾರೆ. ಏಣಿ ಆ ಇಳಿಜಾರಿನಲ್ಲಿ ಉರುಳಬಾರದೆಂದು ಬಡಗಿ ಎರಡು ಮರದ ಬೆಣೆ ಕೆತ್ತಿಟ್ಟುಕೊಂಡಿದ್ದಾನೆ. ಏಣಿ ನಿಂತ ಕೂಡಲೇ ಚಕ್ರದ ಮುಂದೆ ಬೆಣೆ ಕೊಡುತ್ತಾನೆ, ಹೊರಡುವಾಗ ಕಿತ್ತುಕೊಳ್ಳುತ್ತಾನೆ. ವೇದಿಕೆಯ ಅಂಚಿನಾಚೆ ವಾದ್ಯದವರು ಕೂರುವ ಗುಂಡಿ. ಅದು ಆಳೆತ್ತರವಿದೆ.

ಒಂದು ದೀಪ ಮುಗಿದ ಮೇಲೆ ಕೆಳಗಿಳಿದು, ಏಣಿ ಸರಿಸಿ, ಬೆಣೆ ಕೊಟ್ಟು, ಮತ್ತೆ ಹತ್ತಬೇಕು. ಇದನ್ನು ಯಾರೋ ಪುಣ್ಯಾತ್ಮರು ಚಿತ್ರ ಸಮೇತ ಗೋಡೆಗೆ ಅಂಟಿಸಿದ್ದಾರೆ. ಆ ಚಿತ್ರದ ಮೇಲಿನ ಮೊಳೆಗೆ ಅಳಿಯ ದಿನಾ ತನ್ನ ಅಂಗಿ ನೇತುಹಾಕುತ್ತಾನೆ. ನಮ್ಮಲ್ಲಿ ನಡೆಯುವುದು ಸವಾರಿ. ಕುದುರೆ ಏರಿದವನ ಹಾಗೆ ಅವನು ಏಣಿಯ ತುದಿಯಲ್ಲಿ ಆಚೆಗೊಂದು ಕಾಲು ಈಚೆಗೊಂದು ಕಾಲು ಇಳಿಬಿಟ್ಟು ಕೂರುತ್ತಾನೆ. ಕೆಳಗಿನ ಇಬ್ಬರು ಅವನ ಸಮೇತ ಏಣಿಯನ್ನು ಮುಂದಿನ ದೀಪದ ಕೆಳಕ್ಕೆ ತಳ್ಳುತ್ತಾರೆ. ಬೇಗ ಮುಗಿಯುತ್ತದೆ, ಮ್ಯಾನೇಜರಿಗೂ ಖುಷಿ. ದೀಪದವರಲ್ಲಿ ಸವಾರಿ ಮಾಡುವವನೇ ಗಂಡು, ಇಳಿದು ಹತ್ತುವವನು ಹೊಸಬ.

ಈಚೀಚೆಗೆ ಅಳಿಯನ ಸವಾರಿ ಮಿತಿಮೀರಿತ್ತು. ಬೆಳಗ್ಗೆ ಹತ್ತಿದರೆ ಮುಗಿಯಿತು, ಚಹಾ ಕೂಡ ಹಗ್ಗಕ್ಕೆ ಚೀಲ ಕಟ್ಟಿ ಮೇಲಕ್ಕೆಳೆದುಕೊಳ್ಳುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದ. ಅಟ್ಟ ಹತ್ತಿದ ಮೇಲೆ ಏಣಿ ಒದ್ದವರ ಕಥೆ ಕೇಳಿದ್ದೇನೆ, ಏಣಿಯ ಮೇಲೇ ಸಂಸಾರ ಹೂಡಿದವನು ಇವನೊಬ್ಬನೇ. ಮೈಗಳ್ಳತನಕ್ಕೂ ಒಂದು ಮಿತಿ ಬೇಡವೇ ಎಂದು ಮಗಳ ಹತ್ತಿರ ಗೊಣಗಿದ್ದೆ. ಅವಳ ಗೊಣಗಾಟ ಬೇರೆ: ಎಲ್ಲರೂ ಮನೆಗೆ ಬಂದ ಎಷ್ಟೋ ಹೊತ್ತಿನ ಮೇಲೆ ಇವನು ಬರುತ್ತಾನೆ, ಕೇಳಿದರೆ ಏನೋ ಒಂದು ಹಾಸ್ಯ ಮಾಡುತ್ತಾನೆ.

ಹಾಸ್ಯಕ್ಕೇನೂ ಕೊರತೆಯಿರಲಿಲ್ಲ. ಕೆಲವು ವಾರಗಳ ಹಿಂದೆ ಇನ್ನೊಂದು ರಂಗಮಂದಿರಕ್ಕೆ ಹೋಗಿದ್ದಾಗ, ಇಳಿಯಲೆಂದು ಆಚೆಯ ಕಾಲನ್ನು ಈಚೆಗೆ ಹಾಕುವಾಗ ಜಾರಿ, ಎರಡು ಕೈಯಲ್ಲಿ ಜೋತುಬಿದ್ದಿದ್ದನಂತೆ. ಅದನ್ನು ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನೇತಾಡಿ ಅಭಿನಯಿಸಿ ತೋರಿಸಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾನೇ ಹೇಳಿ ನಕ್ಕೆ. ಈಗಷ್ಟೇ ನಡೆಯಲು ಕಲಿತ ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಆ ದಿನ ಸಂಜೆಗೆ ಹೊಸ ನಾಟಕ. ಏಣಿ ತಳ್ಳುವ ಇಬ್ಬರಲ್ಲಿ ಒಬ್ಬನಿಗೆ ಜ್ವರ. ಉಳಿದವನು ಬಡಗಿ ಒಬ್ಬನೇ. ನಾನು ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಾಗ ಮ್ಯಾನೇಜರ್ ಬಂದು ಏಣಿ ಹಿಡಿಯಬೇಕೆಂದ. ನನ್ನಿಂದಾಗದು, ನನಗೆ ತಲೆ ತಿರುಗುತ್ತದೆ ಅಂದೆ. ಹತ್ತುವುದು ನೀವಲ್ಲವಲ್ಲ, ಸುಮ್ಮನೆ ಕೈಯಿಟ್ಟರೆ ಸಾಕು ಎಂದು ಅವನು ಹೊರಟೇ ಹೋದ. ಸುಮ್ಮನೆ ಕೈಯಿಟ್ಟರೆ ಸಾಕಾಗುವಂಥ ಕೆಲಸವಾಗಿದ್ದರೆ ತಾನೇ ಇಡಬಹುದಿತ್ತು.

ವೇದಿಕೆಗೆ ಬಂದಾಗ ಅಳಿಯ ಆಗಲೇ ತುದಿಯಲ್ಲಿ ಕೂತಿದ್ದ. ಕೆಳಗಿನಿಂದ ಅವನ ಎರಡು ಅಂಗಾಲು ಮಾತ್ರ ಸರಿಯಾಗಿ ಕಾಣುತ್ತಿದ್ದವು.

"ಅತ್ತೆ ಹಿಡ್ಕೊಂಡ್ರೆ ಬಿಡಿ," ಎಂದ ಮೇಲಿನಿಂದ. "ಏಣಿ ಹೆದರ್ಕೊಂಡು ಅಲ್ಲಾಡೋದೇ ಇಲ್ಲ."

ಬಡಗಿ ನಕ್ಕು ಹೋಗಿ ಸಭಾಂಗಣದ ದೀಪ ಆರಿಸಿದ. ಹೊರಗೆ ಹೋಗುವ ಬಾಗಿಲ ಮೇಲಿನ ಪುಟ್ಟ ಹಸಿರು ದೀಪ ಬಿಟ್ಟರೆ ಎಲ್ಲಾ ಕಪ್ಪು. ನಾನು ಏಣಿಯ ಈಚೆ ಬದಿಯ ಎರಡು ಕಂಬ ಹಿಡಿದುಕೊಂಡೆ. ಬಡಗಿ ಒಬ್ಬನೇ ಎರಡು ಕೆಲಸ ಮಾಡಬೇಕಿತ್ತು. ನನ್ನ ಜೊತೆ ಏಣಿ ತಳ್ಳುವುದು, ಬೆಣೆ ಕೊಡುವುದು, ಆಮೇಲೆ ಸಭಾಂಗಣದ ಕೊನೆಯ ಗಾಜಿನ ಕೋಣೆಗೆ ಹೋಗಿ ಆ ದೀಪ ಹಚ್ಚುವುದು, ಅಳಿಯ ತಿರುಗಿಸಿ ಬಿಗಿದ ಮೇಲೆ ಆರಿಸಿ ಮತ್ತೆ ತಳ್ಳಲು ಬರುವುದು. ತಳ್ಳುವಾಗ ಏಣಿ ಮೇಲಿನಿಂದ ಕೆಳಗಿನವರೆಗೆ ಕಿರುಗುಟ್ಟುತ್ತಿತ್ತು. ಆ ಸದ್ದಿಗೇ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಳಿಯ ಮಾತ್ರ ಮೇಲಿನಿಂದ ಬಲಕ್ಕೆ ಎಡಕ್ಕೆ ಎನ್ನುತ್ತ, ನಡುನಡುವೆ ನನ್ನ ಕಾಲೆಳೆಯುತ್ತ, ಆರಾಮವಾಗಿ ಇದ್ದ ಹಾಗಿತ್ತು.

ಕೊನೆಯ ಎರಡು ದೀಪ ಉಳಿದಿದ್ದವು. ಅವು ವೇದಿಕೆಯ ಮುಂಭಾಗದವು, ಗುಂಡಿಗೆ ಹತ್ತಿರ; ಏಣಿ ಆಗಲೇ ಅಂಚಿನ ಬಳಿ ಬಂದಿತ್ತು. ಬಡಗಿ ದೀಪ ಆರಿಸಿ ಬಂದ, ಬೆಣೆ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡ, ತಳ್ಳಲು ಕೈಯಿಟ್ಟ. ಅಷ್ಟರಲ್ಲಿ ಹಿಂಬಾಗಿಲ ಕಡೆಯಿಂದ ಮ್ಯಾನೇಜರ್ ಕೂಗಿದ. ಸೆಟ್ಟಿನ ಲಾರಿ ಬಂದಿದೆ, ಗೋಡೆಯ ಹಲಗೆಗಳನ್ನು ಇಳಿಸಬೇಕು, ಈಗಲೇ ಬಾ.

"ಹಿಡ್ಕೊಂಡಿರಿ ಅಕ್ಕಾ, ಬಂದೆ," ಎಂದು ಬಡಗಿ ಓಡಿದ.

ಬೆಣೆ ಅವನ ಜೇಬಿನಲ್ಲೇ ಹೋಯಿತು. ಅದು ನನಗೆ ಹೊಳೆದದ್ದು ಅವನ ಹೆಜ್ಜೆಯ ಸದ್ದು ಅಡಗಿದ ಮೇಲೆ, ಏಣಿ ನನ್ನ ಕೈಯನ್ನು ಮೆಲ್ಲಗೆ ಎಳೆದಾಗ. ಅದು ಇಳಿಜಾರಿನ ಕಡೆಗೆ ಎಳೆಯುತ್ತಿತ್ತು. ಜೋರಾಗೇನೂ ಅಲ್ಲ, ಅಂಗಡಿಯ ಮುಂದೆ ಮಗು ಸೆರಗು ಹಿಡಿದು ಜಗ್ಗುವಷ್ಟು. ಆದರೆ ನಿಲ್ಲಿಸುತ್ತಿರಲಿಲ್ಲ.

ನಾನು ಕೈ ಬಿಟ್ಟರೆ ಏಣಿ ಉರುಳುತ್ತದೆ, ಉರುಳಿದರೆ ಗುಂಡಿ. ಬಾಯಿ ತೆರೆದು ಬಡಗಿಯನ್ನು ಒಂದು ಸಲ ಕೂಗಿದೆ. ಹೊರಗೆ ಲಾರಿಯ ಇಂಜಿನ್ ಗುರುಗುಟ್ಟುತ್ತಿತ್ತು, ನನ್ನ ಕೂಗು ಎಲ್ಲಿಗೂ ಮುಟ್ಟಲಿಲ್ಲ. ಕೂಗಿದ ಕೂಡಲೇ ಏಣಿ ನಡುಗಿತು. ನನ್ನ ಕೈ ನಡುಗಿದ್ದಕ್ಕೆ ಎಂದುಕೊಂಡು ಉಸಿರು ಬಿಗಿಹಿಡಿದು ಕೈ ಗಟ್ಟಿ ಮಾಡಿದೆ. ಏಣಿ ಇನ್ನೂ ನಡುಗುತ್ತಿತ್ತು. ಆ ನಡುಕ ಮೇಲಿನಿಂದ ಬರುತ್ತಿತ್ತು.

ಆಗ ಇನ್ನೊಂದು ಗಮನಕ್ಕೆ ಬಂತು. ಅಳಿಯ ಮಾತಾಡುತ್ತಿರಲಿಲ್ಲ. ನಿದ್ದೆಯಲ್ಲೂ ಗೊಣಗುವ ಮನುಷ್ಯ, ನಾನು ಅಷ್ಟು ಜೋರಾಗಿ ಕೂಗಿದರೂ ಏನತ್ತೆ ಎಂದು ಕೇಳಿರಲಿಲ್ಲ. ಕತ್ತಲಿಗಿಂತ, ಗುಂಡಿಗಿಂತ, ಆ ಮೌನಕ್ಕೆ ನಾನು ಹೆಚ್ಚು ಹೆದರಿದೆ. ಕೂತಲ್ಲೇ ಅವನಿಗೆ ಏನಾದರೂ ಆಯಿತೇ?

"ಅಳಿಯಂದ್ರೇ," ಎಂದೆ. "ಇದೀರಾ?"

"ಇದೀನಿ." ಅದು ಅವನ ದನಿಯೇ ಅಲ್ಲ.

ಬೆಣೆ ಇಲ್ಲವೆಂದು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಿದರೆ ಗಾಬರಿಬಿದ್ದು ಜಿಗಿದಾನು. ಹೇಳದಿದ್ದರೆ ಇಳಿಯುವವನಲ್ಲ. ಕೊನೆಗೆ, ಬಡಗಿ ಬರುವುದು ತಡ, ನಿಧಾನವಾಗಿ ಇಳಿದುಬಿಡಿ ಅಂದೆ.

ಮೇಲಿನಿಂದ ಮಾತು ತುಣುಕು ತುಣುಕಾಗಿ ಬಂತು.

"ಆಗಲ್ಲ ಅತ್ತೆ. ಆವತ್ತು ಜಾರಿದ್ನಲ್ಲ, ಆವತ್ತಿಂದ ಆಗ್ತಿಲ್ಲ. ಹತ್ತೋದು ಹೇಗೋ ಹತ್ತಿಬಿಡ್ತೀನಿ. ಆ ಕಡೆ ಕಾಲು ಈ ಕಡೆ ಹಾಕೋಕಾಗಲ್ಲ. ಅದಕ್ಕೇ ತಳ್ಳಿ ತಳ್ಳಿ ಅನ್ನೋದು."

"ಮತ್ತೆ ದಿನಾ ಹೇಗೆ ಇಳೀತೀರಿ?"

"ಎಲ್ಲರೂ ಹೋದ ಮೇಲೆ. ಕಣ್ಮುಚ್ಕೊಂಡು."

ಎಲ್ಲರೂ ಗಂಡಸುತನ ಎಂದುಕೊಂಡದ್ದು, ನಾನು ಮೈಗಳ್ಳತನ ಎಂದುಕೊಂಡದ್ದು, ಇದು. ಇಷ್ಟು ದಿನವೂ ಈ ಹುಡುಗ ಸಂಜೆ ಎಲ್ಲರೂ ಹೋಗುವುದನ್ನೇ ಕಾದು, ಹಿಡಿಯುವವರು ಒಬ್ಬರೂ ಇಲ್ಲದ ಏಣಿಯಿಂದ ಕಣ್ಣು ಮುಚ್ಚಿಕೊಂಡು ಇಳಿದು, ಮನೆಗೆ ಬಂದು ನಮ್ಮನ್ನು ನಗಿಸುತ್ತಿದ್ದ. ಎತ್ತರದ ಹೆದರಿಕೆ ಹೇಗಿರುತ್ತದೆಂದು ನಮ್ಮ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ. ಅದಕ್ಕೆ ಬುದ್ಧಿ ಹೇಳಿದರೆ ಕೇಳುವುದಿಲ್ಲ, ಬೈದರೆ ಇನ್ನೂ ಬಿಗಿಯುತ್ತದೆ. ಕೈ ಹಿಡಿದದ್ದನ್ನು ಬಿಡುವುದಿಲ್ಲ, ಕಾಲು ತನ್ನದೆಂದೇ ಅನ್ನಿಸುವುದಿಲ್ಲ.

ಬಡಗಿ ಬರುವ ತನಕ ಹಾಗೇ ಕೂತಿರಲಿ ಎಂದರೆ, ನನ್ನ ಕೈ ಅಷ್ಟು ಹೊತ್ತು ತಡೆಯುವ ಹಾಗಿರಲಿಲ್ಲ. ಬೆವರಿನಿಂದ ಅಂಗೈ ಜಾರತೊಡಗಿತ್ತು. ಒಂದು ಭುಜವನ್ನು ಗುಂಡಿಯ ಕಡೆಯ ಕಂಬಕ್ಕೆ ಒತ್ತಿ ನಿಂತು, ಬಲಗಾಲಿನ ಚಪ್ಪಲಿ ಕಳಚಿ, ಕಾಲಿನಲ್ಲೇ ತಡವಿ ಅದನ್ನು ಗುಂಡಿಯ ಕಡೆಯ ಚಕ್ರದ ಕೆಳಕ್ಕೆ ತುರುಕಿದೆ. ಎಡಗಾಲಿನದನ್ನು ಇನ್ನೊಂದು ಚಕ್ರಕ್ಕೆ ಕೊಡಲು ಹೋದಾಗ ಏಣಿ ಒಂದು ಗೇಣು ಸರಿಯಿತು. ಮೇಲಿನಿಂದ ಒಂದು ಸದ್ದು ಬಂತು, ಅದನ್ನು ಕೂಗು ಎನ್ನಲಾಗದು. ಚಪ್ಪಲಿ ಹಿಸುಕಿಕೊಂಡು ಚಕ್ರ ನಿಂತಿತು. ರಬ್ಬರು ಎಷ್ಟು ಹೊತ್ತು ತಡೆದೀತು ಎಂದು ಯಾರನ್ನು ಕೇಳುವುದು?

ಅಲ್ಲಿಯವರೆಗೆ ಅವನನ್ನು ನಾನು ಬಹುವಚನದಲ್ಲೇ ಮಾತಾಡಿಸಿದವಳು. ಆ ಕತ್ತಲಲ್ಲಿ ಅದೆಲ್ಲ ಎಲ್ಲಿ ಹೋಯಿತೋ.

"ನೋಡು ಮಗಾ," ಎಂದೆ. "ಏಣಿನ ಮರೆತುಬಿಡು. ನಿನ್ನ ಮಗಳು ಮಂಚದಿಂದ ಹೇಗೆ ಇಳೀತಾಳೆ? ಹೇಳು ನಂಗೆ."

"ಬೋರಲು ಮಲಗಿ," ಎಂದ.

"ಆಮೇಲೆ?"

"ಕಾಲಲ್ಲಿ ಹುಡುಕ್ತಾಳೆ."

"ನೀನೂ ಹಾಗೇ ಮಾಡು. ಎದೇನ ತುದಿ ಹಲಗೆಗೆ ಒತ್ಕೋ, ಪೂರ್ತಿ ಒರಗು. ಕೈ ಬಿಡಬೇಡ. ಕಾಲನ್ನ ಎತ್ತಬೇಡ, ಹಲಗೆ ಮೇಲೇ ಎಳ್ಕೊಂಡು ಬಾ. ನಾನು ಇಲ್ಲೇ ಇದೀನಿ, ಎಲ್ಲಿಗೂ ಹೋಗಲ್ಲ."

ಮರದ ಮೇಲೆ ಬಟ್ಟೆ ತಿಕ್ಕಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅವನ ಉಸಿರು ನನಗೆ ಕೆಳಗೆ ಕೇಳುತ್ತಿತ್ತು. ನಾನು ಮತ್ತೆ ಅದನ್ನೇ ಹೇಳಿದೆ. ಮೊಮ್ಮಗಳು ಇಳಿಯುವಾಗ ಹಿಂದೆ ತಿರುಗಿ ನೋಡುವುದಿಲ್ಲ, ಹಾಸಿಗೆಯ ಬಟ್ಟೆಯನ್ನೇ ನೋಡುತ್ತಾಳೆ ಎಂದೆ. ದನಿ ನಡುಗದ ಹಾಗೆ ನೋಡಿಕೊಂಡೆ. ಅದು ಹೇಗೆ ಸಾಧ್ಯವಾಯಿತೆಂದು ಇಂದಿಗೂ ಗೊತ್ತಿಲ್ಲ.

ಏಣಿ ಒಮ್ಮೆಲೇ ನನ್ನ ಕಡೆಗೆ ಭಾರವಾಯಿತು. ಆಚೆಯ ಕಾಲು ಈಚೆಗೆ ಬಂದಿತ್ತು. ಆ ಭಾರಕ್ಕೆ ಒಂದು ಚಪ್ಪಲಿ ಚಕ್ರದಡಿಯಿಂದ ಸಿಡಿದು, ಸದ್ದಿಲ್ಲದೆ ಎತ್ತಲೋ ಹೋಯಿತು. ಏಣಿಯ ಆ ಮೂಲೆ ಗುಂಡಿಯ ಕಡೆಗೆ ತಿರುಗತೊಡಗಿತು. ನಾನು ಬರಿಗಾಲನ್ನೇ ಚಕ್ರಕ್ಕೆ ಅಡ್ಡ ಕೊಟ್ಟೆ. ನೋವು ತಲೆಗೇರಿತು. ಕೂಗಿದರೆ ಅವನು ಕೈ ಬಿಡುತ್ತಾನೆ ಎಂಬುದೊಂದೇ ನೆನಪಿನಲ್ಲಿತ್ತು. ತುಟಿ ಕಚ್ಚಿದೆ.

"ಸಿಕ್ತಿಲ್ಲ," ಎಂದ ಮೇಲಿನಿಂದ. "ಅತ್ತೆ, ಮೆಟ್ಟಿಲು ಸಿಕ್ತಿಲ್ಲ."

"ಇದೆ. ಇನ್ನೂ ಸ್ವಲ್ಪ ಕೆಳಗೆ. ಬೆರಳಲ್ಲಿ ಹುಡುಕು."

"ಇಲ್ಲ."

"ಇದೆ ಅಂದ್ನಲ್ಲ. ಹತ್ತುವಾಗ ಇತ್ತು, ಈಗ ಎಲ್ಲಿಗೆ ಹೋಗುತ್ತೆ?"

ಸಿಕ್ಕಿತು. ಅವನು ಹೇಳಲಿಲ್ಲ, ಏಣಿಯ ನಡುಕ ಬದಲಾದದ್ದರಿಂದ ನನಗೇ ತಿಳಿಯಿತು. ಮುಂದಿನದೆಲ್ಲ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ನಿಂತ, ಪ್ರತಿ ಸಲವೂ ಇದೆ ಎಂದು ನಾನು ಹೇಳಬೇಕಾಯಿತು. ಕೊನೆಗೆ ಅವನ ಹಿಮ್ಮಡಿ ನನ್ನ ಹಣೆಗೆ ತಾಗಿತು. ನಾನು ಆ ಕಾಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅದು ಮಂಜುಗಡ್ಡೆಯಷ್ಟು ತಣ್ಣಗಿತ್ತು.

ನೆಲ ಮುಟ್ಟಿದ ಮೇಲೂ ಅವನು ಏಣಿ ಬಿಡಲಿಲ್ಲ. ಇಬ್ಬರೂ ಕತ್ತಲಲ್ಲಿ ಅದನ್ನೇ ಹಿಡಿದು ನಿಂತಿದ್ದೆವು. ನಿಮ್ಮ ಮಗಳಿಗೆ ಹೇಳಬೇಡಿ ಎಂದ. ನಾನು ಉತ್ತರ ಕೊಡುವ ಮೊದಲೇ ಸಭಾಂಗಣದ ದೀಪಗಳು ಹತ್ತಿದವು.

ಬಡಗಿ, ಮ್ಯಾನೇಜರ್, ಲಾರಿಯ ಜೊತೆ ಬಂದ ಇಬ್ಬರು ಹಮಾಲಿಗಳು ಹಲಗೆ ಹೊತ್ತುಕೊಂಡು ವೇದಿಕೆಗೆ ಬಂದರು. ಬೆಳಕಿನಲ್ಲಿ ನೋಡಿದರೆ ಮುಂದಿನ ಚಕ್ರಕ್ಕೂ ಅಂಚಿಗೂ ನಡುವೆ ಉಳಿದದ್ದು ಒಂದು ಮೊಳವೋ ಏನೋ. ಬಡಗಿ ಅದನ್ನು ನೋಡಿದ, ನನ್ನ ಕಾಲನ್ನು ನೋಡಿದ, ಹಲಗೆ ಕೆಳಗಿಟ್ಟು ಬಂದು ಏಣಿಯನ್ನು ಹಿಂದಕ್ಕೆಳೆದು ಬೆಣೆ ಕೊಟ್ಟ.

ಮ್ಯಾನೇಜರ್ ನೋಡಿದ್ದು ಬೇರೆ. ಎರಡು ದೀಪ ಇನ್ನೂ ಉಳಿದಿದೆ, ಯಾಕೆ ಇಳಿದದ್ದು, ಪರದೆ ಏಳುವ ಹೊತ್ತಾಗುತ್ತಿದೆ, ಹತ್ತು ಎಂದ. ಅಳಿಯನ ಕೈ ಮೆಲ್ಲಗೆ ಮೆಟ್ಟಿಲ ಮೇಲೆ ಹೋಯಿತು. ಆ ಕೈಯನ್ನು ನೋಡಿ ನನಗೆ ಕತ್ತಲಲ್ಲಿ ಆಗದಷ್ಟು ಹೆದರಿಕೆಯಾಯಿತು. ಇವನು ಹತ್ತಿಬಿಡುತ್ತಾನೆ. ಇಲ್ಲ ಎನ್ನಲು ನಾಚಿಕೆಯಾಗಿ ಹತ್ತುತ್ತಾನೆ, ಇವತ್ತಲ್ಲದಿದ್ದರೆ ಇನ್ನೊಂದು ದಿನ, ನಾನಿಲ್ಲದ ದಿನ, ಕಣ್ಣು ಮುಚ್ಚಿಕೊಂಡು ಇಳಿಯುತ್ತಾನೆ. ನಾನು ಹೋಗಿ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನನಗೆ ಹೆದರಿಕೆ," ಎಂದೆ. "ನಾನು ಹಿಡಿಯಲ್ಲ, ಯಾರನ್ನೂ ಹತ್ತೋಕೂ ಬಿಡಲ್ಲ."

ಹಮಾಲಿಗಳು ನಕ್ಕರು. ಅತ್ತೆ ಅಳಿಯನ ದಾರಿಗೆ ಅಡ್ಡ ಕೂತಿದ್ದಾಳೆ ಎಂದು ಒಬ್ಬ ಅಂದ. ಅಮ್ಮಾ ಏಳಿ, ಇದು ನಿಮ್ಮ ಹೊಲಿಗೆಯಲ್ಲ ಎಂದು ಮ್ಯಾನೇಜರ್ ರೇಗಿದ. ನಾನು ಏಳಲಿಲ್ಲ. ನಗುವವರು ನಗಲಿ, ಹೆದರುಪುಕ್ಕಲಿ ಎಂಬ ಹೆಸರು ನನಗೆ ಮೊದಲೇ ಇದೆ, ಇನ್ನೊಬ್ಬರದ್ದನ್ನೂ ಸೇರಿಸಿಕೊಂಡರೆ ಭಾರವೇನೂ ಆಗದು. ಅಳಿಯನೂ ಅವರ ಜೊತೆ ನಕ್ಕ. ಅಭ್ಯಾಸಬಲ, ಪಾಪ. ನಗು ಅರ್ಧಕ್ಕೇ ನಿಂತಿತು. ಅವನು ನನ್ನ ಕಾಲನ್ನು ನೋಡುತ್ತಿದ್ದ. ಹೆಬ್ಬೆರಳು ಆಗಲೇ ಊದಿ ಕಪ್ಪಾಗಿತ್ತು.

"ಅವರಿಗಲ್ಲ," ಎಂದ. "ಹೆದರಿಕೆ ನನಗೆ. ನಂಗೆ ಇಳಿಯೋಕಾಗಲ್ಲ."

ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಹಲ್ಲಿ ಹೇಳಿದ ಮೇಲೆ ಅದು ಹಾಸ್ಯವೇ ಇರಬೇಕಲ್ಲ. ಮ್ಯಾನೇಜರ್ ಕೂಡ ನಕ್ಕು, ಆಯ್ತಪ್ಪಾ ಹತ್ತೀಗ ಎಂದ.

ಅವನು ಅದನ್ನು ಮತ್ತೊಮ್ಮೆ ಹೇಳಬೇಕಾಯಿತು. ಈ ಸಲ ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು, ಮಾತು ಸರಿಯಾಗಿ ಹೊರಡಲಿಲ್ಲ. ಯಾರೂ ನಗಲಿಲ್ಲ. ಅವನು ಬಂದು ಅದೇ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತುಕೊಂಡ.